ಬೋರ್ಡಿನಿಂದ ಒರೆಸಿದ ಗುಡ್ಡ

ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ನಮ್ಮ ಶಾಲೆಯ ಅರ್ಧ ಮಕ್ಕಳು ಗುಡ್ಡದಲ್ಲಿರುತ್ತಿದ್ದ ಕಾಲ ಅದು. ನಮ್ಮ ಕೂಡ್ಲಿಗಿ ಕಡೆ ಗುಡ್ಡವೆಂದರೆ ಒಂದರ ಮೇಲೊಂದು ಕೂತ ಬಂಡೆಗಳು, ಸಂದಿಯಲ್ಲಿ ಕಾರೆ, ಕವಳೆ, ಸೀತಾಫಲದ ಗಿಡಗಳು, ಇನ್ನೂ ಒಳಗೆ ಕರಡಿಯ ಗವಿ. ಸೊಪ್ಪಿನ ಕೊಂಬೆಯ ಮೇಲೆ ಕೂತು ಬಂಡೆಯಿಂದ ಜಾರಿ, ಲಂಗ ಹರಿದುಕೊಂಡು, ಮನೆಯಲ್ಲಿ ಬೈಸಿಕೊಂಡು, ಮರುದಿನ ಮತ್ತೆ ಹೋಗುತ್ತಿದ್ದೆವು.

ಕಾಯಿ ಕೀಳುವುದಕ್ಕೆ ಅಜ್ಜಿಯದೊಂದು ಕಟ್ಟುನಿಟ್ಟಿತ್ತು. ಕೆಳಗಿನ ಟೊಂಗೆಗೆ ಯಾರೂ ಕೈ ಹಾಕುವಂತಿಲ್ಲ.

"ಅದು ಕರಡೆಪ್ಪನ ಪಾಲು. ನೀವು ಮ್ಯಾಲಿಂದು ಕಿತ್ಕೊಳ್ರಿ. ಗುಡ್ಡದಾಗ ಅವನ ಹೊಟ್ಟಿ ತುಂಬಿದ್ರ ನಮ್ಮ ಶೇಂಗಾ ಹೊಲಕ್ಕ ಯಾಕ ಬರ್ತಾನ?"

ನಮ್ಮ ಕೇರಿಯವರೆಲ್ಲ ಹಾಗೇ ಮಾಡುತ್ತಿದ್ದರು. ಮೇಲಿನ ಕಾಯಿ ತಂದು ಜೋಳದ ಚೀಲದಲ್ಲಿ ಹುಗಿದರೆ ಹಣ್ಣಾಗುವಾಗ ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ಆ ವರ್ಷ ಗುಡ್ಡಕ್ಕೆ ಕಲ್ಲು ಒಡೆಯುವ ಕ್ವಾರಿ ಬಂತು. ದಿನಾ ಸಂಜೆ ಒಬ್ಬ ಕೆಂಪು ಬಟ್ಟೆ ಬೀಸಿ ಸೀಟಿ ಊದುವನು, ಆಮೇಲೆ ಢಮ್! ಮಾಳಿಗೆಯ ಮಣ್ಣು ಅಜ್ಜಿಯ ಸಾರಿನ ಗಡಿಗೆಗೆ ಉದುರುತ್ತಿತ್ತು. ಸೀತಾಫಲದ ವಾಸನೆ ಬರುವ ಗಾಳಿಯಲ್ಲಿ ಮದ್ದಿನ ಘಾಟು. ಮೊದಲು ಹೋದದ್ದು ನಮ್ಮ ಜಾರುಬಂಡೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಸುದ್ದಿ ಓದುವ ಪದ್ಧತಿ ಇತ್ತು. ಹೆಡ್ ಮಾಸ್ತರು ಹೊಸ ಬೋರ್ಡಿನಲ್ಲಿ ನಾಲ್ಕು ಮನೆ ಬರೆಸಿದ್ದರು: ಪ್ರಪಂಚ, ಪ್ರಾಣಿ, ಇತಿಹಾಸ, ನಿಸರ್ಗ. ಬಸ್ಸಿಗೆ ಬಂದ ಹಳೇ ಪೇಪರ್ ನೋಡಿ ದಿನಕ್ಕೊಬ್ಬರು ತುಂಬಬೇಕು. ಆಫ್ರಿಕಾದ ಆನೆ ಎಷ್ಟು ನೀರು ಕುಡಿಯುತ್ತದೆ, ರೋಮಿನ ದೊರೆ ಹೇಗೆ ಸತ್ತ, ಎಲ್ಲ ನಮಗೆ ಬಾಯಿಪಾಠ.

ನನ್ನ ಸರದಿಯ ಹಿಂದಿನ ದಿನ ತಾಯಿ ಕರಡಿಯೊಂದು ಬೆನ್ನ ಮೇಲೆ ಮರಿ ಹೊತ್ತು, ಮದ್ದಿನ ಸದ್ದಿಗೆ ಬೆದರಿ, ಇನ್ನೂ ಬಿಸಿಲಿರುವಾಗಲೇ ನಮ್ಮ ಹೊಲದಲ್ಲಿ ಹಾದು ಹೋಯಿತು. ನಾನೂ ಅಜ್ಜಿಯೂ ಕಣ್ಣಾರೆ ನೋಡಿದೆವು. ಇನ್ನು ಪೇಪರ್ ಯಾಕೆ ಬೇಕು? ನಾನು ಬರೆದೆ:

ಪ್ರಾಣಿ: ಗವಿ ಒಡೆದಿದ್ದಾರೆ, ಕರಡಿ ಮರಿ ಹೊತ್ತು ಹೊಲಕ್ಕೆ ಬಂದಿದೆ. ಇತಿಹಾಸ: ಗುಡ್ಡದ ಬುಡದ ವೀರಗಲ್ಲು ಲಾರಿ ದಾರಿಗೆ ಅಡ್ಡವೆಂದು ತುಂಡಾಗಿದೆ. ನಿಸರ್ಗ: ಜಾರುಬಂಡೆ ಇಲ್ಲ. ಪ್ರಪಂಚ: ನಮ್ಮ ಗುಡ್ಡದ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದಂತೆ.

ಎಲ್ಲರೆದುರು ಓದಿದರೆ ಊರ ದೊಡ್ಡವರ ಕಿವಿಗೆ ಬಿದ್ದು, ಉಳಿದ ಗವಿಗಳಾದರೂ ಉಳಿಯುತ್ತವೆಂದು ನಂಬಿದ್ದೆ. ಬಾಯಿ ತೆರೆಯುವ ಮುಂಚೆಯೇ ಹೆಡ್ ಮಾಸ್ತರು ಡಸ್ಟರ್ ಹಿಡಿದು ಬಂದರು.

"ಇದು ಸುದ್ದಿ ಅಲ್ಲವ್ವ. ಪೇಪರಿನ್ಯಾಗ ಬಂದಿದ್ದು ಬರಿ."

"ನಮ್ಮೂರಾಗ ಆಗಿದ್ದು ಸುದ್ದಿ ಅಲ್ಲೇನ್ರಿ ಸಾರ್?"

ಅವರು ನಾಲ್ಕೂ ಮನೆ ಒರೆಸಿದರು. ನನ್ನ ಕಣ್ಣಲ್ಲಿ ಸೀಮೆಸುಣ್ಣದ ಪುಡಿ ಬಿತ್ತು. ಚೀನಾದ ಪಾಂಡಾ ಬಗ್ಗೆ ನನ್ನ ಕೈಯಿಂದಲೇ ಬರೆಸಿದರು.

ಸಂಜೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಶಾಲೆಗೇ ಬಂದಳು.

"ಮಾಸ್ತರ, ನನ್ನ ಮೊಮ್ಮಗಳು ಸುಳ್ಳು ಬರದಾಳೇನ್ರಿ?"

"ಸುಳ್ಳಲ್ಲಮ್ಮ. ಆದ್ರ..." ಎಂದು ಮಾಸ್ತರು ಬೋರ್ಡಿನ ಕೆಳಗಿನ ಅಂಚು ನೋಡಿದರು.

"ಏನು ಬರದೈತಲೇ ಅಲ್ಲಿ?" ಅಂತ ಅಜ್ಜಿ ನನ್ನನ್ನು ಕೇಳಿದಳು. ದಪ್ಪ ಹಳದಿ ಪೇಂಟಿನಲ್ಲಿತ್ತು, ಓದಿದೆ: "ದಾನಿಗಳು: ಕ್ವಾರಿ ಮಾಲೀಕರು."

"ಬೋರ್ಡು ಅವರದು, ಆತು. ಗುಡ್ಡ ಯಾರ್ದು?"

"ಅದನ್ನೂ ಸರ್ಕಾರದೋರು ಅವರಿಗೇ ಬರಕೊಟ್ಟಾರಮ್ಮ," ಎಂದರು ಮಾಸ್ತರು, ತಲೆ ಎತ್ತದೆ.

ಅಜ್ಜಿ ನನ್ನ ಕೈ ಹಿಡಿದು ಮನೆಗೆ ನಡೆದಳು. ಮುಂದಿನ ವರ್ಷಗಳಲ್ಲೂ ಅವಳು ಹಿತ್ತಲ ಸೀತಾಫಲದ ಕೆಳಗಿನ ಟೊಂಗೆ ಮುಟ್ಟಗೊಡಲಿಲ್ಲ. ಹಣ್ಣು ಅಲ್ಲೇ ಕಪ್ಪಾಗಿ ಉದುರುತ್ತಿತ್ತು, ತಿನ್ನಲು ಯಾರೂ ಬರಲಿಲ್ಲ.

ಮೊನ್ನೆ ಊರಿಗೆ ಹೋದಾಗ ಶಾಲೆಗೆ ಹೋಗಿದ್ದೆ. ಗುಡ್ಡವಿದ್ದಲ್ಲಿ ಹಸಿರು ನೀರು ನಿಂತ ಗುಂಡಿ ಇದೆ. ವೀರಗಲ್ಲಿನ ಒಂದು ತುಂಡೂ ಇಲ್ಲ. ಬೋರ್ಡು ಮಾತ್ರ ಇದೆ, ಹಳದಿ ಅಕ್ಷರ ಒಂದಿಷ್ಟೂ ಮಾಸಿಲ್ಲ! ನನ್ನ ಸಿಟ್ಟೂ ಮಾಸಿಲ್ಲ. ಪ್ರಾಣಿಯ ಮನೆಯಲ್ಲಿ ಮೊನ್ನೆಯ ಸುದ್ದಿ ಬರೆದಿತ್ತು: "ಮಂಜು ಕರಗಿ ಹಿಮಕರಡಿಗಳಿಗೆ ನೆಲೆ ಇಲ್ಲದಂತಾಗಿದೆ." ಬರೆದ ಹುಡುಗಿ ಅದನ್ನು ಓದಿ, "ಪಾಪ ಅಲ್ರೀ ಅಕ್ಕಾರ?" ಎಂದಳು.

"ಹೌದವ್ವ, ಪಾಪ. ನಿಮ್ಮೂರ ಗುಡ್ಡದಾಗೂ ಕರಡಿ ಇದ್ವು, ಗೊತ್ತೇನು?"

ಹುಡುಗಿ ಕಿಟಕಿಯಿಂದ ಆಚೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಯಾವ ಗುಡ್ಡರೀ?"