ಮಂಡಿಯ ಪಾಸ್‌ವರ್ಡ್

ಹೊಟ್ಟೆಕಿಚ್ಚು ನನಗೆ ಮೊದಲು ಇರಲೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇತ್ತು, ಆದರೆ ಅದಕ್ಕೆ ಸರಿಯಾದ ವಿಳಾಸ ಸಿಕ್ಕಿರಲಿಲ್ಲ. ನಮ್ಮ ಮಂಡಿಯ ತರೀಕೆರೆ ಶಾಖೆಗೆ ಹೊಸ ಕಂಪ್ಯೂಟರ್ ಎಂಜಿನಿಯರ್ ಬಂದ ಮೇಲೆ ಸಿಕ್ಕಿತು.

ನಾನಿರುವುದು ಕಡೂರಿನ ಕೊಬ್ಬರಿ ಮಂಡಿಯೊಂದರಲ್ಲಿ. ತರೀಕೆರೆಯಲ್ಲಿ ಅಡಿಕೆಗೆ, ಅಜ್ಜಂಪುರದಲ್ಲಿ ಈರುಳ್ಳಿಗೆ ಅದರದೇ ಶಾಖೆಗಳಿವೆ. ದರದ ಮಾತು ಊರವರ ಮೊಬೈಲಿನಲ್ಲೆಲ್ಲ ಓಡಾಡಬಾರದೆಂದು ನಮ್ಮ ಸಾಹುಕಾರರು ಮಂಡಿಗೇ ಸ್ವಂತ ಮೆಸೇಜ್ ಸರ್ವರ್ ಹಾಕಿಸಿದ್ದರು. ಲೆಕ್ಕ ಬರೆಯಲು ಸೇರಿದ್ದ ನಾನು, ಅದನ್ನು ಕೂರಿಸಲು ಬಂದವರ ಬೆನ್ನ ಹಿಂದೆ ನಿಂತು, ಕೇಳಿದ್ದನ್ನೇ ಕೇಳಿ, ಅವರಿಂದ ಬೈಸಿಕೊಂಡು ಅದರ ಕೆಲಸ ಕಲಿತೆ. ಮುಖ್ಯ ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತಿತ್ತು. ತಿಜೋರಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯ ಹಾಗೆ ಮಂಡಿಯಲ್ಲಿ ಓಡಾಡುತ್ತಿದ್ದೆ.

ಅಷ್ಟರಲ್ಲಿ ಇವನು ಬಂದ. ಶಿವಮೊಗ್ಗದಲ್ಲಿ ಓದಿದವನು, ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಫೋನಿನಲ್ಲಿ ಅವನ ಜೊತೆ ಮಾತಾಡುವಾಗ ಸಾಹುಕಾರರು ನಗುತ್ತಿದ್ದರು. ನನ್ನ ಜೊತೆ ಅವರು ನಕ್ಕಿದ್ದು ನೆನಪಿಲ್ಲ.

ಒಂದು ದಿನ ಸಾಹುಕಾರರು ನನ್ನ ಮೇಜಿನ ಹತ್ತಿರ ಬಂದು, "ಪಾಸ್‌ವರ್ಡು ಇಬ್ರ ಹತ್ರ ಇದ್ರೆ ಒಳ್ಳೇದಲ್ವೇನಮ್ಮಾ? ನೀನು ರಜ ಹಾಕಿದ್ರೆ ಏನ್ ಗತಿ?" ಎಂದರು.

"ನಾನ್ಯಾವತ್ತು ರಜ ಹಾಕಿದೀನಿ ಸಾರ್?" ಎಂದೆ. ಅಲ್ಲಿಂದಾಚೆ ಜ್ವರ ಬಂದರೂ ಮಂಡಿಗೆ ಹೋದೆ.

ಆಮೇಲೆ ಆಯುಧ ಪೂಜೆ ಬಂತು. ತಕ್ಕಡಿ, ಲಾರಿ, ಕಂಪ್ಯೂಟರುಗಳ ಜೊತೆ ಸರ್ವರ್‌ಗೂ ನಮ್ಮಲ್ಲಿ ಪೂಜೆ. ವರ್ಷವಿಡೀ ಆರಿಸದ ಆ ಪೆಟ್ಟಿಗೆಯನ್ನು ಅವತ್ತು ಆರಿಸಿ, ಪ್ಲಗ್ ಕಿತ್ತು, ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕುತ್ತೇವೆ. "ವರ್ಷವೆಲ್ಲ ದುಡೀತದೆ, ಅದೂ ಒಂದಿಷ್ಟು ಮಲಗ್ಲಿ ಬಿಡ್ರೀ" ಎನ್ನುವುದು ಸಾಹುಕಾರರ ವಾದ. ಹಬ್ಬ ಕಳೆದು ಮಂಡಿ ತೆರೆಯುವವರೆಗೆ ಯಾರೂ ಮುಟ್ಟುವಂತಿಲ್ಲ.

ಮಂಡಿ ತೆರೆದ ಬೆಳಿಗ್ಗೆ ಪ್ಲಗ್ ಹಾಕಿದೆ. ಆಫೀಸಿನೊಳಗೆ ಮೆಸೇಜುಗಳು ಸರಾಗವಾಗಿ ಓಡಾಡಿದವು. ಹೊರಗಿನ ಶಾಖೆಗಳಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಶಾಖೆಗಳ ಕಂಪ್ಯೂಟರುಗಳಿಗೆ ಒಂದೊಂದು ಸರ್ಟಿಫಿಕೇಟ್ ಕೊಟ್ಟಿರುತ್ತೇವೆ. ಇಂಥ ದಿನದಿಂದ ಇಂಥ ದಿನದವರೆಗೆ ಚಾಲ್ತಿ ಎಂದು ನಮೂದಾದ ಗುರುತಿನ ಚೀಟಿ ಎಂದುಕೊಳ್ಳಿ. ಸರ್ವರ್ ಅದನ್ನು ನೋಡಿ ಒಳಗೆ ಬಿಡಬೇಕು. ಬಿಡಲಿಲ್ಲ.

ಅಜ್ಜಂಪುರದ ಗುಮಾಸ್ತರ ಫೋನು ಬಂತು. "ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬತ್ತೈತೆ ಕಣಕ್ಕಾ. ಈರುಳ್ಳಿ ಲಾರಿ ನಿಂತೈತೆ, ರೇಟೇ ಬಂದಿಲ್ಲ."

ಬಾಯಲ್ಲಿ ಹೇಳಿದ ದರಕ್ಕೆ ಲೋಡು ಮಾಡಬಾರದೆಂದು ಸಾಹುಕಾರರ ಕಟ್ಟಪ್ಪಣೆ. ನಾನು ಎಲ್ಲ ವೈರುಗಳನ್ನೂ ನೋಡಿದೆ, ಸರ್ವರ್ ಪೆಟ್ಟಿಗೆಯನ್ನು ಮತ್ತೆ ಆರಿಸಿ ಹಚ್ಚಿದೆ. ಉಪಯೋಗವಾಗಲಿಲ್ಲ. ಸಾಹುಕಾರರು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದರು.

"ತರೀಕೆರೆಯವ್ನ ಕರ್ಸಿದೀನಿ. ಅವನು ಸರಿ ಮಾಡಿದ್ರೆ ಪಾಸ್‌ವರ್ಡ್ ಅವನಿಗೂ ಕೊಟ್ಬಿಡಮ್ಮ. ಸುಮ್ನೆ ಯಾಕೆ ಒದ್ದಾಡ್ತೀಯ?"

ಅವನು ರೈಲಿಳಿದು ಬಂದು ನನ್ನ ಕುರ್ಚಿಯಲ್ಲಿ ಕೂತ. ಕೂರುವ ಮುಂಚೆ "ಕೂತ್ಕೋಬಹುದಾ ಮೇಡಂ?" ಎಂದು ಬೇರೆ ಕೇಳಿದ. ಬೇಡ ಎನ್ನಲಾಗುತ್ತದೆಯೇ? ಸರ್ವರಿನೊಳಗೆ ಹೋಗಲು ಪ್ರತಿ ಸಲವೂ ಪಾಸ್‌ವರ್ಡ್ ಬೇಕು. ಪ್ರತಿ ಸಲವೂ ನಾನು ಬಗ್ಗಿ, ಎಡಗೈ ಅಡ್ಡ ಇಟ್ಟುಕೊಂಡು ಒತ್ತಿದೆ. ಅವನು ಅಷ್ಟು ಹೊತ್ತೂ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದ. ಕದ್ದು ನೋಡಿದ್ದರೆ ಎಷ್ಟು ಚೆನ್ನಾಗಿತ್ತು! ಸಾಹುಕಾರರ ಮುಂದೆ ಹೇಳಲು ಒಂದು ದೂರಾದರೂ ಸಿಗುತ್ತಿತ್ತು.

ಹಳೆಯ ಸರ್ಟಿಫಿಕೇಟ್ ಕೆಟ್ಟಿರಬೇಕು ಎಂದು ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಹೊಸದೊಂದನ್ನು ತಯಾರಿಸಿ ಅಜ್ಜಂಪುರಕ್ಕೆ ಕಳಿಸಿದ. ಸರ್ವರ್ ಅದನ್ನೂ ತಿರಸ್ಕರಿಸಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಲಾರಿ ನಿಂತಿರುವುದೂ ಮರೆತುಹೋಯಿತು.

"ಬಾರಪ್ಪ, ಟೀ ಕುಡ್ಕೊಂಡ್ ಬರೋಣ. ತಲೆ ಬಿಸಿಯಾಗೈತೆ ನಿಂಗೆ" ಎಂದು ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದರು. ನನ್ನ ತಲೆ ಬೆಳಗಿನಿಂದ ಬಿಸಿಯಾಗಿತ್ತು. ನನ್ನನ್ನು ಯಾರೂ ಕರೆಯಲಿಲ್ಲ.

ಕುರ್ಚಿ ಖಾಲಿಯಾದದ್ದೇ ತಡ, ಕೂತೆ. ಸರ್ವರ್ ಬರೆದಿಟ್ಟುಕೊಂಡಿದ್ದ ತಕರಾರನ್ನು ನಿಧಾನವಾಗಿ ಓದಿದೆ. ಸರ್ಟಿಫಿಕೇಟಿನ ಅವಧಿ ಮುಗಿದಿದೆ ಎಂದು ಅದು ಹೇಳುತ್ತಿರಲಿಲ್ಲ. ಅವಧಿ ಇನ್ನೂ ಶುರುವಾಗಿಲ್ಲ ಎನ್ನುತ್ತಿತ್ತು. ಇವತ್ತು ಮಾಡಿದ್ದು ಇವತ್ತೇ ಶುರುವಾಗದೆ ಇನ್ಯಾವಾಗ ಆಗಬೇಕು? ಸಾಲಿನ ಮೊದಲಿಗಿದ್ದ ತಾರೀಖು ನೋಡಿದೆ. ನಾನು ಇನ್ನೂ ಈ ಮಂಡಿಗೆ ಸೇರಿರದ ಕಾಲದ್ದು.

ಆಗ ಅರ್ಥವಾಯಿತು. ಪ್ಲಗ್ ಕಿತ್ತಿದ್ದಾಗ ಗಡಿಯಾರ ನಡೆಸುವ ಸಣ್ಣ ಬ್ಯಾಟರಿಯೊಂದು ಪೆಟ್ಟಿಗೆಯೊಳಗಿರುತ್ತದೆ. ಅದು ಸತ್ತಿತ್ತು. ನಾವು ಪೂಜೆ ಮಾಡಿ ಮಲಗಿಸಿದ ಸರ್ವರ್ ಯಾವುದೋ ಹಳೆಯ ವರ್ಷದಲ್ಲಿ ಎದ್ದಿತ್ತು. ಇಂಟರ್ನೆಟ್ ನೋಡಿ ತಾನೇ ಸಮಯ ತಿದ್ದಿಕೊಳ್ಳುವ ಸೌಕರ್ಯವನ್ನು ಕೂರಿಸಿದವರು ಆನ್ ಮಾಡಿರಲೇ ಇಲ್ಲ. ಪಾಸ್‌ವರ್ಡ್ ಹಾಕಿ ತಾರೀಖು, ಗಂಟೆ ತಿದ್ದಿದೆ. ಮರುಕ್ಷಣ ಅಜ್ಜಂಪುರ ಒಳಗೆ ಬಂತು, ಹಿಂದೆಯೇ ತರೀಕೆರೆ. ದರ ಹೋಯಿತು, ಲಾರಿ ತುಂಬತೊಡಗಿದರು.

ಟೀ ಕುಡಿದು ಬಂದವರಿಗೆ ಪರದೆಯಲ್ಲಿ ಆ ಹಳೆಯ ತಾರೀಖಿನ ಸಾಲು ತೋರಿಸಿದೆ. ಅವನು ಒಮ್ಮೆ ನೋಡಿ ಜೋರಾಗಿ ನಕ್ಕ.

"ಅಯ್ಯೋ, ಗಡಿಯಾರ! ನಂಗೆ ಹೊಳೀಲೇ ಇಲ್ಲ ನೋಡಿ ಸಾರ್. ಮೇಡಂ ಇಲ್ದಿದ್ರೆ ನಾನು ಸಂಜೆವರ್ಗೂ ಸರ್ಟಿಫಿಕೇಟ್ ಮಾಡ್ತಾನೇ ಕೂತಿರ್ತಿದ್ದೆ."

ಸಾಹುಕಾರರ ಮುಖ ಅರಳಿತು. ಈಗ ನನ್ನ ಕಡೆ ತಿರುಗುತ್ತಾರೆ ಎಂದುಕೊಂಡೆ. ತಿರುಗಿದರು ಕೂಡ.

"ನೋಡಮ್ಮ, ಎಂಥಾ ಗುಣ! ಇನ್ನೊಬ್ರು ಮಾಡಿದ್ನ ನಂದು ಅನ್ಲಿಲ್ಲ. ಇಂಥವ್ನ ಕೈಲಿದ್ರೆ ಏನೂ ಭಯ ಇಲ್ಲ ಕಣಮ್ಮ. ಪಾಸ್‌ವರ್ಡ್ ಹೇಳ್ಬಿಡು."

ಅವನು ಗೆದ್ದಿದ್ದರೆ ಕೊಡಬೇಕಾಗಿದ್ದುದನ್ನು, ನಾನು ಗೆದ್ದು ಕೊಡಬೇಕಾಯಿತು. ಬರೆದುಕೊಳ್ಳಲು ಪೆನ್ನು ಮುಂದೆ ನೂಕಿದೆ.

"ಬರ್ಕೊಳ್ಳೋದ್ ಬೇಡ ಮೇಡಂ, ಯಾರಾದ್ರೂ ನೋಡ್ತಾರೆ" ಎಂದ.

ಒಂದೊಂದೇ ಅಕ್ಷರ ಹೇಳಿದೆ, ಬೇಕೆಂದೇ ಬೇಗ ಬೇಗ. ಇನ್ನೊಂದು ಸಲ ಹೇಳಿ ಎಂದು ಕೇಳಲಿ ಎಂದು ಕಾದೆ. ಅವನು ಕೇಳಲಿಲ್ಲ. ಒಂದೇ ಸಲಕ್ಕೆ ನೆನಪಿಟ್ಟುಕೊಂಡಿದ್ದ.