ಸುಬೇದಾರರ ನಡಿಗೆ

ಕಳೆದ ಭಾನುವಾರ ನಾನೊಬ್ಬ ಹುಡುಗಿಯನ್ನು ಕದ್ದುಮುಚ್ಚಿ ಹಿಂಬಾಲಿಸಿದೆ. ನನ್ನ ಜೊತೆಗೆ ಅವಳ ತಾಯಿಯೂ ಇದ್ದರು. (ಈ ವಯಸ್ಸಿನಲ್ಲಿ ಪತ್ತೇದಾರಿ ಕೆಲಸ ನನಗೂ ಬೇಕಿರಲಿಲ್ಲ, ನಂಬಿ.)

ತಾಯಿ ಅಂದರೆ ನಮ್ಮ ಎದುರು ಫ್ಲ್ಯಾಟಿನ ನೀಲಮ್ಮ. ಕೊಡಗಿನವರು. ಗಂಡ ಪೂಣಚ್ಚ ಸೈನ್ಯದಲ್ಲಿ ಸುಬೇದಾರರಾಗಿದ್ದರು. ರಿಟೈರ್ ಆದಮೇಲೆ ಇಲ್ಲೇ ದೆಹಲಿಯ ದ್ವಾರಕಾದಲ್ಲಿ ಉಳಿದುಕೊಂಡರು. ಹೋದ ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ಆಮೇಲೆ ಆ ಮನೆಯಲ್ಲಿ ಮಾತೇ ಇಲ್ಲ. ಕಾಲೇಜಿಗೆ ಹೋಗುವ ಮಗಳು ದೇಚು ಒಂದು ಹನಿ ಕಣ್ಣೀರು ಹಾಕಲಿಲ್ಲ. ನೀಲಮ್ಮ ಅಳುತ್ತಿದ್ದದ್ದು ಬಾತ್‌ರೂಮಿನಲ್ಲಿ, ನಲ್ಲಿ ಬಿಟ್ಟುಕೊಂಡು.

"ಅಕ್ಕಾ, ಇವಳು ಪ್ರತಿ ಭಾನುವಾರ ಲೈಬ್ರರಿಗೆ ಅಂತ ಹೋಗ್ತಾಳಲ್ಲ, ಎಲ್ಲಾ ಸುಳ್ಳು. ಯಾರೋ ವಿಡಿಯೊ ಕಳಿಸಿದ್ರು. ಪಾರ್ಕಲ್ಲಿ ಕುಣೀತಿದ್ದಾಳೆ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ..." ಎಂದು ನೀಲಮ್ಮ ಫೋನನ್ನು ನನ್ನ ಮುಂದೆ ಹಿಡಿದರು.

ಒಬ್ಬರೇ ಹೋದರೆ ಎಲ್ಲರೆದುರು ಮಗಳ ಮೇಲೆ ಕೈ ಎತ್ತಿಬಿಡುತ್ತೇನೋ ಎಂಬ ಭಯ ಅವರಿಗೆ. ಅದಕ್ಕೇ ನಾನು.

ಮೆಟ್ರೋ ಹಿಡಿದು ಹೌಜ್ ಖಾಸ್ ತಲುಪಿದೆವು. ಪಾರ್ಕಿನಲ್ಲಿ ಇಪ್ಪತ್ತು ಜನ ಹುಡುಗ ಹುಡುಗಿಯರು ದುಂಡಗೆ ನಿಂತಿದ್ದರು. ಮರದಡಿ ಒಂದು ಸ್ಪೀಕರ್. ಒಬ್ಬರಾದ ಮೇಲೊಬ್ಬರು ನಡುವೆ ಹೋಗಿ ಕುಣಿದು ಬರುತ್ತಿದ್ದರು. ಹಿಪ್‌ಹಾಪ್ ಅಂತೆ. ನನ್ನ ಕಣ್ಣಿಗೆ ಬಿದ್ದದ್ದು ಹರಿದ ಜೀನ್ಸು, ಒಬ್ಬಳ ನೀಲಿ ಕೂದಲು. (ನಾವು ಮೊದಲು ನೋಡೋದೇ ಅದನ್ನಲ್ಲವೇ?)

ದೇಚು ಸರದಿ ಬಂತು. ನೀಲಮ್ಮ ನುಗ್ಗಲು ಹೊರಟರು. ನಾನು ಕೈ ಹಿಡಿದುಕೊಂಡೆ.

ದೇಚು ಮೊದಲು ಸುಮ್ಮನೆ ನಡೆದಳು. ಎದೆ ಸೆಟೆಸಿ, ಎಡಗಾಲು ತುಸು ಎಳೆಯುತ್ತಾ. ನಾಲ್ಕು ಹೆಜ್ಜೆ ನಡೆದು ನಿಂತು ಮಂಡಿ ಒತ್ತಿಕೊಂಡಳು. ಮತ್ತೆ ನಡೆದಳು. ಬೀಟ್ ಏರಿದಂತೆ ಆ ನಡಿಗೆಯೇ ಕುಣಿತವಾಯಿತು. ಇದ್ದಕ್ಕಿದ್ದಂತೆ ಕುಸಿದು ಕೂತಳು. ಹೆಗಲು ಅದುರುತ್ತಿತ್ತು.

ಹಾಡು ನಿಲ್ಲಲಿಲ್ಲ. ನೀಲಿ ಕೂದಲಿನವಳು ಒಳಗೆ ಬಂದು, ಅದೇ ಥರ ಕಾಲೆಳೆಯುತ್ತಾ ಅವಳ ಸುತ್ತ ನಡೆದಳು. ಹಿಂದೆ ಇನ್ನೊಬ್ಬ. ಕೊನೆಗೆ ಎಲ್ಲರೂ.

"ಅಕ್ಕಾ," ನೀಲಮ್ಮ ನನ್ನತ್ತ ತಿರುಗಿದರು. "ಇದು ನಮ್ಮನೆಯವರ ನಡಿಗೆ."

ಹಿಮದ ಡ್ಯೂಟಿಯಲ್ಲಿ ಅವರ ಮಂಡಿಗೆ ಪೆಟ್ಟಾಗಿತ್ತು. ಲಿಫ್ಟಿಗೆ ಕಾಯುವಾಗ ಹಾಗೇ ಒತ್ತಿಕೊಳ್ಳುತ್ತಿದ್ದರು.

ದೇಚು ತಲೆಯೆತ್ತಿ ನಮ್ಮನ್ನು ಕಂಡು ಬಿಳಿಚಿಕೊಂಡಳು. "ಮಮ್ಮಿ, ಸಾರಿ... ಮೈ ಬತಾನೇ ವಾಲೀ ಥೀ..." ಹೇಳುವವಳೇ ಇದ್ದಳಂತೆ.

ನೀಲಿ ಕೂದಲಿನವಳು ಓಡಿಬಂದು ನೀರಿನ ಬಾಟಲಿ ಕೊಟ್ಟು ಹಿಂದಿಯಲ್ಲಿ ಕೇಳಿದಳು: "ಆಂಟಿ, ಅಂಕಲ್ ಕರ್ಚೀಫಿಗೂ ಇಸ್ತ್ರಿ ಹಾಕ್ತಿದ್ರಂತೆ, ನಿಜಾನಾ?"

"ನಿಂಗ್ಯಾರು ಹೇಳಿದ್ದು?"

"ದೇಚುನೇ. ಆಮ್ಲೆಟ್ ಸೀಯಿಸೋದು, ಟಿವಿ ನ್ಯೂಸಿನವರ ಜೊತೆ ಜಗಳ ಆಡೋದು, ಎಲ್ಲಾ ಹೇಳಿದ್ದಾಳೆ. ನಮಗೆಲ್ಲ ಅಂಕಲ್ ಚೆನ್ನಾಗಿ ಗೊತ್ತು."

"ಕರ್ಚೀಫಷ್ಟೇ ಅಲ್ಲ, ಸಾಕ್ಸಿಗೂ ಹಾಕ್ತಿದ್ರು," ಎಂದು ನಗಲು ಹೋದ ನೀಲಮ್ಮ ಅತ್ತುಬಿಟ್ಟರು. ಹಾಡುಹಗಲು, ಎಲ್ಲರೆದುರು. ದೇಚು ಬಂದು ತಬ್ಬಿಕೊಂಡು ಅವಳೂ ಅತ್ತಳು. ಯಾರೋ ಸ್ಪೀಕರ್ ಸಣ್ಣ ಮಾಡಿದರು. ಒಬ್ಬರೂ "ಅಳಬೇಡಿ" ಅನ್ನಲಿಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ ನೀಲಮ್ಮ ಮಗಳ ತಪ್ಪು ಹಿಡಿದರು. "ನೀನು ಬಲಗಾಲು ಮೊದಲಿಟ್ಟೆ. ಅಪ್ಪ ಯಾವಾಗ್ಲೂ ಎಡಗಾಲು ಮೊದಲಿಡ್ತಿದ್ರು. ಫೌಜಿ ಅಲ್ವಾ, ಪರೇಡಿನ ಅಭ್ಯಾಸ." ಅಷ್ಟು ಹೇಳಿ ಸುಮ್ಮನಿರಲಿಲ್ಲ. ಎದ್ದು ಕಂಬ ಹಿಡಿದು ಎರಡು ಹೆಜ್ಜೆ ನಡೆದು ತೋರಿಸಿದರು. ಬೋಗಿಯ ಜನ ನೋಡಿದರೆ ನೋಡಲಿ!

ನಾನು ಕಿಟಕಿಯತ್ತ ಮುಖ ತಿರುಗಿಸಿದೆ. ಇಷ್ಟು ತಿಂಗಳು ಆ ಮನೆಗೆ ಸಾರು ಕೊಟ್ಟಿದ್ದೇನೆ, ಗ್ಯಾಸ್ ಬುಕ್ ಮಾಡಿಕೊಟ್ಟಿದ್ದೇನೆ. ಪೂಣಚ್ಚ ಅನ್ನುವ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಅವರಿಗೆ ನೋವಾಗುತ್ತದೆ ಅಂತ.

ಅವರಿಗಾ, ನನಗಾ?