ಆ ವಿಡಿಯೋದಾಗ ರೊಟ್ಟಿ ಬಡಿಯಾಕಿ ನಮ್ಮವ್ವ

ಒಂದ್ ನಿಮಿಷ ತಡೀರಿ. ಫಾರ್ವರ್ಡ್ ಒತ್ತಬ್ಯಾಡ್ರಿ. ಮೊದಲ ಇದನ್ನ ಓದ್ರಿ, ಆಮ್ಯಾಲ ಏನ್ ಬೇಕಾದ್ದ ಮಾಡ್ರಿ.

ನಿಮ್ಮ ಫೋನಿಗೂ ಆ ವಿಡಿಯೋ ಬಂದಿರಬೇಕು. ಟಿಕೋಟಾದಾಗ ಒಂದು ಕಲ್ಯಾಣ ಮಂಟಪದ ಸ್ಟೇಜು. ಅದರ ಮ್ಯಾಲ ಗ್ಯಾಸ್ ಒಲಿ, ಹಂಚು. ಹಸರ ಸೀರಿ ಉಟ್ಟ ಒಬ್ಬಾಕಿ ಹೆಣಮಗಳು ಎರಡೂ ಕೈಲೆ ಜ್ವಾಳದ ರೊಟ್ಟಿ ಬಡಿಯಾಕತ್ತಾಳ, ಟಪ್ ಟಪ್ ಟಪ್. ಮೈಕ್‌ನ್ಯಾಗ ಒಬ್ಬಾಂವ ಒದರಾಕತ್ತಾನ: "ಸಂಧಿವಾತದಿಂದ ಚಾ ಕಪ್ ಎತ್ತಾಕ ಬರ್ತಿದ್ದಿಲ್ಲ ಇವ್ರಿಗೆ. ಈಗ ನೋಡ್ರಿ! ಬರೇ ಗಿಡದ ಸಕ್ರಿ ಪುಡಿ. ಒಂದ ಗುಳಗಿ ಇಲ್ಲ!" ಮಂದಿ ಚಪ್ಪಾಳಿ ಹೊಡೀತಾರ.

ಆಕಿ ನಮ್ಮವ್ವ.

ನಾ ಮೊಬೈಲ್ ರಿಪೇರಿ ಮಾಡಾಂವ. ಗೋಳಗುಮ್ಮಟದ ಕಡೆ ಸಣ್ಣ ಅಂಗಡಿ. ಯಾರೂ ಕಲಿಸಿಲ್ಲ, ಫೋನ್‌ನ್ಯಾಗ ನೋಡಿ ನೋಡಿ ಕಲ್ತೇನಿ. ಅವ್ವ ಮನ್ಯಾಗ ಖಡಕ್ ರೊಟ್ಟಿ ಮಾಡಿ ಖಾನಾವಳಿಗಿ, ಲಗ್ನದ ಮನಿಗಿ ಕೊಡ್ತಾಳ. ನಾ ಡಾಕ್ಟರ್ ಅಲ್ಲ. ಆದ್ರ ಒಂದು ವಿಷಯ ತಲ್ಯಾಗ ಹೊಕ್ತು ಅಂದ್ರ ಬುಡಾ ಕಿತ್ತು ನೋಡುಮಟಾ ಬಿಡಂಗಿಲ್ಲ. ಅವ್ವನ ರೋಗನೂ ಹಂಗ ಹಿಡದ ಕುಂತ್ನಿ.

ಶುರು ಆಗಿದ್ದು ಒಂದ ಮುಂಜಾನೆ. ದಿನಾ ನಾ ಏಳೂದ ರೊಟ್ಟಿ ಸಪ್ಪಳಕ್ಕ. ಅವತ್ತ ಸಪ್ಪಳ ಇಲ್ಲ. ಎದ್ದ ಹೋಗಿ ನೋಡಿದ್ರ ಅವ್ವ ನಾದಿದ ಹಿಟ್ಟಿನ ಮುಂದ ಸುಮ್ಮ ಕುಂತಾಳ. ಎರಡೂ ಕೈ ಬಿಸಿನೀರಾಗ ಇಟ್ಕೊಂಡಾಳ.

"ಯಾಕ ಬೇ, ಏನಾತು?"

"ಏನಿಲ್ಲೋ. ಬೆರಳ ಮಡಚವಲ್ವು. ಬಿಸಲ ಏರಿದ್ರ ಸರಿ ಆಕ್ಕಾವ."

ಬಿಸಲ ಏರಿದ್ಮ್ಯಾಲ ಖರೇನೂ ಸರಿ ಆದ್ವು. ಅದ ನಮಗ ಮೋಸ ಮಾಡ್ತು. ದಿನಾ ಮುಂಜಾನೆ ಕೈ ಕಟ್ಟಿಗಿ ಆಗೂದು, ಮಧ್ಯಾಹ್ನಕ್ಕ ಬಿಡೂದು. ವಯಸ್ಸು, ಥಂಡಿ, ವಾಯು ಅಂತ ಒಬ್ಬೊಬ್ಬರು ಒಂದೊಂದ ಹೇಳಿದ್ರು. ಆಮ್ಯಾಲ ಎರಡೂ ಮಣಿಕಟ್ಟು ಬಾತು ಕೆಂಪಗಾದ್ವು. ಆಗ ದವಾಖಾನಿಗಿ ಹೋದ್ವಿ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ., ಇ.ಎಸ್.ಆರ್. ಅಂತ ರಕ್ತ ತಪಾಸಣಿ ಎಲ್ಲಾ ಮಾಡ್ಸಿದ್ರು.

"ಇದು ಸವೆತ ಅಲ್ಲ," ಅಂದ್ರು ಡಾಕ್ಟರ್. "ರುಮಟಾಯ್ಡ್ ಆರ್ಥ್ರೈಟಿಸ್, ಒಂಥರಾ ಸಂಧಿವಾತ."

ಅವ್ವ ಕೇಳಿದ್ದು ಒಂದ ಮಾತು. "ರೊಟ್ಟಿ ಬಡೀಬಹುದಲ್ರೀ?"

"ಗುಳಿಗೆ ಬಿಡದೆ ತಗೊಂಡ್ರೆ ಬಡೀಬಹುದು. ಬಿಟ್ರೆ ಕೀಲು ಹಾಳಾಗ್ತಾವೆ ಅಮ್ಮಾ. ಹಾಳಾದ ಕೀಲು ತಿರುಗಿ ಬರಲ್ಲ."

ಈ ಮಾತು ನೆನಪಿಟ್ಕೋರಿ.

ಮನಿಗಿ ಬಂದು ನಾನ ಎಲ್ಲಾರಿಗೂ ತಿಳಿಸಿ ಹೇಳಿದ್ನಿ. ಫೋನಿನ ಆಂಟಿವೈರಸ್ಸು ತನ್ನ ಫೈಲನ್ನ ವೈರಸ್ ಅಂತ ತಿಳಕೊಂಡು ಅಳಸಾಕ ಸುರು ಮಾಡಿದ್ರ ಹ್ಯಾಂಗ, ಹಂಗ ನಮ್ಮ ಮೈ ತನ್ನ ಕೀಲನ್ನ ತಾನ ತಿನ್ನಾಕತ್ತೈತಿ. ಮೆಥೋಟ್ರೆಕ್ಸೇಟ್ ಅನ್ನೂ ಗುಳಗಿ ವಾರಕ್ಕೊಮ್ಮೆ, ದಿನಾ ಅಲ್ಲ, ಅದು ಆ ಹುಚ್ಚ ಆಂಟಿವೈರಸ್ಸನ್ನ ತಣ್ಣಗ ಮಾಡ್ತೈತಿ. ನಿಧಾನ. ತಿಂಗಳುಗಟ್ಲೆ ತಡೀಬೇಕು. ನಡುನಡುವ ರಕ್ತ ತಪಾಸಣಿ.

ಗುಳಗಿ ಸಲೀಸ ಇದ್ದಿಲ್ಲ. ನುಂಗಿದ ಮರುದಿನ ಅವ್ವಗ ಹೊಟ್ಟಿ ತೊಳಿಸಿದಂಗ. ಹಂಚಿನ ಮ್ಯಾಲ ರೊಟ್ಟಿ ಕಾಯೂ ವಾಸನಿ ಬಂದ್ರ ಸಾಕು, ಹೊರಗ ಓಡೂದು. ಹಣಗಿ ತುಂಬ ಕೂದಲ. ಡಾಕ್ಟರ್‌ಗೆ ಹೇಳೂನು ನಡಿ ಅಂದ್ರ, "ಎಷ್ಟ ಸಲ ರೊಕ್ಕಾ ಸುರಿಯೂದು, ತಡಕೋತೀನಿ" ಅಂದ್ಲು.

ಅಷ್ಟರಾಗ ಚಿಗವ್ವ ಬಂದ್ಲು.

ಚಿಗವ್ವ ಅಂದ್ರ ಅವ್ವನ ಸ್ವಂತ ತಂಗಿ. ಬಬಲೇಶ್ವರದಾಗ ಇರ್ತಾಳ, ಅಲ್ಲಿ ಕಾಕಾನ ಕಿರಾಣಿ ಅಂಗಡಿ ಐತಿ. ಅವತ್ತ ಬಸ್ ಇಳದ ಸೀದಾ ಅಡಗಿ ಮನಿಗಿ ಬಂದು ಚೀಲದಾಗಿಂದ ಒಂದ ಡಬ್ಬಿ ತಗದ ಇಟ್ಲು.

"ಅಕ್ಕಾ, ಆ ಇಂಗ್ಲಿಷ್ ಗುಳಗಿ ನುಂಗಿ ನುಂಗಿ ತಲಿ ಬೋಳ ಮಾಡ್ಕೋತಿ ನೋಡ ನೀ."

"ಇದೇನ ಬೇ, ಹಾಲಿನ ಪುಡಿ?"

"ಏ ಹುಚ್ಚಿ, ಗಿಡದಾಗಿನ ಸಕ್ರಿ ಇದು. ಲೋಳಸರ, ಗಿಡದ ಅಂಟು, ಹಂತಾದ್ರಾಗಿಂದ ತಗೀತಾರ. ನಮ್ಮ ಮೈಯಾಗಿನ ಸೆಲ್ಲು ಒಂದಕ್ಕೊಂದು ಮಾತಾಡಾಕ ಈ ಸಕ್ರಿ ಬೇಕು. ನಿನ್ನ ಮೈಯಾಗ ಅವು ಮಾತ ಬಿಟ್ಟಾವ, ಅದಕ್ಕ ಜಗಳ ನಡದೈತಿ."

"ಸೆಲ್ ಅಂದ್ರ? ಇವನ ಅಂಗಡ್ಯಾಗಿಂದೇನ?" ಅಂತ ಅವ್ವ ನನ್ನ ಕಡೆ ನೋಡಿ ನಕ್ಕಳು.

ನಾ ಅಂದ್ನಿ, "ಚಿಗವ್ವ, ಇದು ಖರೆ ಇದ್ರ ಡಾಕ್ಟರ್ ಯಾಕ ಹೇಳಂಗಿಲ್ಲ?"

"ಅವ್ರ ಅಂಗಡಿ ಬಂದ್ ಆಕ್ಕೈತಲ್ಲೋ ಶಾಣ್ಯಾ. ನಿನಗ ತಿಳಿದಿದ್ದು ಮೊಬೈಲು, ಸುಮ್ಮ ಕೂಡ್ರು."

ನಾ ಸುಮ್ಮ ಕೂಡ್ರಾಂವಲ್ಲ. ಓದಿದ್ನಿ. ಸೆಲ್ಲಿನ ಮ್ಯಾಲ ಸಕ್ರಿ ಇರೂದು ಖರೆ. ಅವು ಒಂದನ್ನೊಂದು ಗುರುತ ಹಿಡಿಯಾಕ ಆ ಸಕ್ರಿ ಬೇಕಾಗೂದೂ ಖರೆ. ಆದ್ರ ಅಂಥಾ ಸಕ್ರಿ ಬಹಳಷ್ಟನ್ನ ಮೈ ತಾನ ಮಾಡ್ಕೋತೈತಿ, ನಾವು ತಿನ್ನೂ ರೊಟ್ಟಿ ಪಲ್ಯಾದಾಗಿಂದನ. ಡಬ್ಬ್ಯಾಗಿನ ಪುಡಿ ತಿಂದ್ರ ಕೀಲು ಸರಿ ಆಕ್ಕಾವ ಅನ್ನೂದಕ್ಕ ಗಟ್ಟಿ ಪುರಾವೆ ನನಗಂತೂ ಎಲ್ಲೂ ಸಿಗ್ಲಿಲ್ಲ. "ತಗೋಳೂದಿದ್ರ ಡಾಕ್ಟರ್‌ನ ಕೇಳಿ ತಗೋ ಬೇ, ಗುಳಗಿ ಮಾತ್ರ ಬಿಡಬ್ಯಾಡ" ಅಂದ್ನಿ.

ಚಿಗವ್ವ ಏನಂದ್ಲು ಗೊತ್ತೇನು? ಎರಡೂ ಕೂಡಿದ್ರ ಪುಡಿ ಮೈಗಿ ಹತ್ತಂಗಿಲ್ಲಂತ. ಗುಳಗಿ ಬಿಟ್ಟಮ್ಯಾಲ ಬ್ಯಾನಿ ಹೆಚ್ಚಾದ್ರ ಅದು ಮೈಯಾಗಿನ ವಿಷ ಹೊರಗ ಬರೂ ಲಕ್ಷಣಂತ. ನೋಡ್ರಿ ಹ್ಯಾಂಗೈತಿ. ಬ್ಯಾನಿ ಇಳದ್ರ ಪುಡಿ ಗೆದ್ದಂಗ, ಏರಿದ್ರೂ ಪುಡಿ ಗೆದ್ದಂಗ.

ಅವ್ವ ಗುಳಗಿ ಬಿಟ್ಲು.

ಸ್ವಲ್ಪ ದಿವಸ ಬಹಳ ತ್ರಾಸ ಪಟ್ಲು. ಆಮ್ಯಾಲ ಒಂದ ಮುಂಜಾನೆ ಸಪ್ಪಳಕ್ಕ ಎಚ್ಚರಾತು. ಟಪ್ ಟಪ್ ಟಪ್. ಓಡಿ ಹೋಗಿ ನೋಡಿದ್ರ ಅವ್ವ ಮೊದಲಿನಂಗ ಕುಂತು ರೊಟ್ಟಿ ಬಡಿಯಾಕತ್ತಾಳ. ಬಾವು ಇಳದೈತಿ, ಮಾರಿ ಮ್ಯಾಲ ಕಳಾ ಬಂದೈತಿ. ನಾ ಅಷ್ಟ ಓದಿದ್ದು ಎಲ್ಲಿ ಹೋತೋ! ಕಣ್ಣಿಗೆ ಕಾಣೂದನ್ನ ಹ್ಯಾಂಗ ಇಲ್ಲ ಅನ್ಲಿ? "ನಿನ್ನ ಫೋನ್‌ನ್ಯಾಗ ಇದನ್ನೂ ಬರದಾರೇನೋ ಶಾಣ್ಯಾ?" ಅಂತ ಚಿಗವ್ವ ಎಲ್ಲಾರ ಮುಂದ ಕಾಡಿದ್ಲು. ಕಾಡಿಸ್ಕೊಂಡ್ನಿ. ಖುಷಿಲೆ ಕಾಡಿಸ್ಕೊಂಡ್ನಿ.

ಅಷ್ಟೊತ್ತಿಗಿ ಚಿಗವ್ವ ತಾನೂ ಆ ಪುಡಿ ಮಾರತಿದ್ಲು. ಟಿಕೋಟಾದಾಗ ಪುಡಿ ಮಾರಾವ್ರ ಮೀಟಿಂಗ್ ಆಗ ಆಗಿದ್ದು. ಚಿಗವ್ವ ಸ್ಟೇಜ್ ಮ್ಯಾಲ ಹೊಸಾ ಸೀರಿ ಉಟ್ಟು ನಿಂತಿದ್ಲು. ಮಂದಿ ಬಂದು "ಮೇಡಂ, ಮೇಡಂ" ಅಂತ ಫೋಟೋ ತಗಸ್ಕೊಳ್ಳಾಕತ್ತಿದ್ರು. ಆ ವಿಡಿಯೋ ಮತ್ತ ಬಂದ್ರ ಒಂದು ನೋಡ್ರಿ. ಅವ್ವ ರೊಟ್ಟಿ ಬಡಿಯೂ ಮುಂದ ರೊಟ್ಟಿ ನೋಡವಲ್ಲಳು. ತಂಗಿ ಮಾರಿನ ನೋಡಾಕತ್ತಾಳ.

ಸ್ವಲ್ಪ ತಿಂಗಳ ಕಳದ್ವು. ಒಂದ ಮಧ್ಯಾಹ್ನ ಬಚ್ಚಲದಾಗ ಧಪ್ ಅಂತ ಬಿದ್ಲು.

ಮೈ ತಣ್ಣಗಾಗಿತ್ತು. ತುಟಿ ಬೆಳ್ಳಗ. ಆಟೋದಾಗ ಹಾಕ್ಕೊಂಡು ದವಾಖಾನಿಗಿ ಓಡಿದ್ವಿ. ಬಹಿರ್ದೆಸಿ ಕರ್ರಗ ಡಾಂಬರ ಹಂಗ ಆಗಾಕತ್ತಿತ್ತಂತ, ಯಾರಿಗೂ ಹೇಳಿದ್ದಿಲ್ಲ. ಹಿಮೋಗ್ಲೋಬಿನ್ ಪೂರಾ ತಳಕ್ಕ ಹೋಗಿತ್ತು. ರಕ್ತ ಏರ್ಸಿದ್ರು. ಎಂಡೋಸ್ಕೋಪಿ ಮಾಡಿದ್ರು. ಹೊಟ್ಟ್ಯಾಗ ಅಲ್ಸರ್, ಅದು ಒಡದ ರಕ್ತ ಸೋರಾಕತ್ತೈತಿ.

"ಪೇನ್ ಕಿಲ್ಲರ್ ಎಷ್ಟು ದಿವಸದಿಂದ ತಗೋತೀರಿ?" ಡಾಕ್ಟರ್ ಕೇಳಿದ್ರು.

"ಗುಳಗಿ ಎಲ್ಲಾ ಬಿಟ್ಟೀನ್ರಿ. ಬರೇ ಪುಡಿ."

ಡಾಕ್ಟರ್ ನನ್ನ ನೋಡಿದ್ರು. ನಾನೂ ಹೌದ್ರಿ ಅಂತ ಗೋಣ ಹಾಕಿದ್ನಿ. ಅವ್ವ ಮಾರಿ ಗ್ವಾಡಿ ಕಡೆ ತಿರುಗಿಸಿದ್ಲು. ಡಾಕ್ಟರ್ ಹೊರಗ ಹೋದಮ್ಯಾಲ ಸಣ್ಣ ದನಿಲೆ ಅಂದ್ಲು: "ಯಪ್ಪಾ, ಮನಿಗಿ ಹೋಗು. ಜ್ವಾಳದ ಹಿಟ್ಟಿನ ಡಬ್ಬಿ ತಳಕ್ಕ ಕೈ ಹಾಕು."

ಆ ಡಬ್ಬ್ಯಾಗ ಅವ್ವ ಬಿಟ್ರ ನಮ್ಮ ಮನ್ಯಾಗ ಯಾರೂ ಕೈ ಹಾಕಂಗಿಲ್ಲ.

ಹಿಟ್ಟಿನ ತಳದಾಗ ಒಂದ ಪ್ಲಾಸ್ಟಿಕ್ ಕವರ್ ಸಿಕ್ತು. ಅದರಾಗ ಬಿಡಿ ಗುಳಗಿ. ಹೆಸರಿಲ್ಲ, ಪಾಕೀಟಿಲ್ಲ. ಓಣ್ಯಾಗ ಯಾರದೋ ಕೈಲೆ ತರಸ್ತಿದ್ಲಂತ. ಡಾಕ್ಟರ್ ನೋಡಿ ಹೇಳಿದ್ರು, ಒಂದು ಪೇನ್ ಕಿಲ್ಲರ್, ಇನ್ನೊಂದು ಸ್ಟಿರಾಯ್ಡ್. ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ಎರಡೂ ನುಂಗಿ, ಕೈ ಬಿಟ್ಟಮ್ಯಾಲ ರೊಟ್ಟಿಗಿ ಕೂಡ್ರತಿದ್ಲು. ಟಿಕೋಟಾದಾಗೂ ಹಂಗ.

ಮಂದಿ ಚಪ್ಪಾಳಿ ಹೊಡದಿದ್ದು ಆ ಗುಳಗಿಗಿ.

"ಯಾಕ ಹಿಂಗ ಮಾಡ್ದಿ ಬೇ?" ಅಂದ್ನಿ. ಸಿಟ್ಟೂ ಬರಾಕತ್ತಿತ್ತು, ಅಳೂನೂ.

"ನಿಮ್ಮ ಚಿಗವ್ವಗ ಸಣ್ಣಾಕಿ ಇದ್ದಾಗಿಂದ ಯಾರೂ 'ರೀ' ಅಂದಿಲ್ಲೋ. ಅತ್ತಿಮನ್ಯಾಗಂತೂ ದಡ್ಡಿ ಅಂತನ ಕರದ್ರು. ಈಗ ಮಂದಿ ಮೇಡಂ ಅಂತಾರ. ನನ್ನ ಕೈ ಆಗವಲ್ದು ಅಂದ್ರ ಆಕಿ ಯಾವ ಮಾರಿ ಇಟ್ಕೊಂಡು ಸ್ಟೇಜ್ ಹತ್ತಬೇಕ?"

"ಮತ್ತ ನಿನ್ನ ಕೈ?"

ಅವ್ವ ಎರಡೂ ಕೈ ಹೊದಿಕಿ ಒಳಗ ಸರಿಸಿದ್ಲು.

ಕೈ ಎಕ್ಸ್-ರೇ ತಗದ್ರು. ಡಾಕ್ಟರ್ ಪೆನ್ನಿಂದ ತೋರ್ಸಿದ್ರು, ಇಲ್ಲಿ ಎಲುಬು ತಿಂದು ಹೋಗಿದೆ, ಇಲ್ಲೂ. ಹಿಟ್ಟಿನ ಡಬ್ಬ್ಯಾಗಿನ ಗುಳಗಿ ಬ್ಯಾನಿ ಬಾವು ಅಷ್ಟ ಮುಚ್ಚಿದ್ವು, ಒಳಗ ರೋಗ ತನ್ನ ಕೆಲಸ ಬಿಟ್ಟಿದ್ದಿಲ್ಲ. ಬೆರಳೆಲ್ಲಾ ಕಿರಿಬೆರಳಿನ ಕಡೆ ವಾಲ್ಯಾವ. ಇನ್ನ ನೆಟ್ಟಗ ಆಗಂಗಿಲ್ಲ.

ಮರುದಿನ ಚಿಗವ್ವ ವಾರ್ಡಿಗೆ ಬಂದ್ಲು. ನಾ ಬಾಗಲದಾಗ ತಡದ ನಿಂತ್ನಿ. ಬಾಯಿಗಿ ಬಂದಂಗ ಅಂದ್ನಿ.

"ನನ್ನ ಮ್ಯಾಲ ಯಾಕ ಹರಿಹಾಯ್ತಿ?" ಅಂದ್ಲು. "ದಿನಾ ಫೋನ್ ಹಚ್ಚಿ ಕೇಳೇನಿ ನಾ. ಆರಾಮ ಐತಿ ಅಂದ್ಲು ನಿಮ್ಮವ್ವ. ಆಕಿ ಅಂದಿದ್ದನ್ನ ನಾ ಮಂದಿಗೆ ಅಂದ್ನಿ."

ಅದೂ ಖರೆ. ಅದ ನನ್ನ ಹೊಟ್ಟಿ ಹೆಚ್ಚು ಉರಿಸ್ತು. ಚಿಗವ್ವ ಸುಳ್ಳಿ ಇದ್ದಿದ್ರ ಬೈದು ಹಗುರಾಗ್ತಿದ್ನಿ. ಸುಳ್ಳು ಹೇಳಿದಾಕಿ ಮಂಚದ ಮ್ಯಾಲ ರಕ್ತ ಏರಿಸ್ಕೋತ ಮಲಗ್ಯಾಳ, ತಂಗಿ ಮಾನಕ್ಕ. ಆ ಪುಡಿ ತಯಾರ ಮಾಡಾವ್ರು ಯಾರೋ, ಎಲ್ಲೋ, ಅವ್ರಿಗಿ ಇದ್ಯಾವ್ದೂ ಹತ್ತಂಗಿಲ್ಲ. ಅಕ್ಕ ತಂಗಿ ನಡುವಿನ ಮಾಯಾ ಮಮತೀನ ಅವ್ರ ಬಂಡವಾಳ.

"ಹಂಗಾರ ಉಳಿದಾವ್ರು?" ಅಂದ್ಲು ಚಿಗವ್ವ, ಇನ್ನೂ ಸೋಲವಲ್ಲಳು. "ಬಿಜ್ಜರಗ್ಯಾಗ ಒಬ್ಬಾಕಿಗೆ ಪೂರಾ ಆರಾಮ ಆಗೇತಿ. ನನ್ನ ಮುಂದ ಕುಂತು ಎದ್ದು ತೋರ್ಸ್ಯಾಳ."

"ನಿಮ್ಮಕ್ಕನೂ ತೋರ್ಸಿದ್ಲಲ್ಲ."

ಅಲ್ಲೆ ಬೆಂಚಿನ ಮ್ಯಾಲ ಕುಂತಬಿಟ್ಲು. ಅತ್ಲು. ಫೋನ್ ತಗದು ವಿಡಿಯೋ ಅಳಸಿದ್ಲು. ಊರ ತುಂಬ ಹೋಗಿದ್ದನ್ನ ಒಂದ ಫೋನ್‌ನ್ಯಾಗ ಅಳಸಿದ್ರ ಏನಾಕ್ಕೈತಿ?

ಅವ್ವನ ಮನಿಗಿ ಕರಕೊಂಡು ಬಂದಮ್ಯಾಲ ಚಿಗವ್ವನ ಕಡೆ ಬಿಜ್ಜರಗಿ ನಂಬರ್ ಇಸ್ಕೊಂಡು ಫೋನ್ ಹಚ್ಚಿದ್ನಿ. ಆಕಿ ಗಂಡ ಎತ್ತಿದ. ದ್ರಾಕ್ಷಿ ತ್ವಾಟ ಇದ್ದಾಂವ, ಈಗ ಪುಡೀನೂ ಮಾರಾಕ ಸುರು ಮಾಡ್ಯಾನ. ಎಲ್ಲಾ ಬಿಡಿಸಿ ಹೇಳಿದ್ನಿ.

"ನಿಮ್ಮವ್ವಗ ಆರಾಮ ಆತು," ಅಂದ. "ಈಗ ಉಳಿದಾವ್ರಿಗಿ ಬ್ಯಾಡ ಅಂತೀರೇನು? ಎಂಥಾ ಹೊಟ್ಟಿಕಿಚ್ಚಿನ ಮಂದಿ ರೀ ನೀವು. ವಿಡಿಯೋ ನಾ ಕಣ್ಣಾರೆ ನೋಡೇನಿ."

ಬಾಜೂಕ ಕುಂತ ಅವ್ವ ಎಲ್ಲಾ ಕೇಳಾಕತ್ತಿದ್ಲು.

"ಹೆಣಮಗಳಿಗಿ ಕೊಡಂತ ಹೇಳು. ಆ ರೊಟ್ಟಿ ಬಡಿಯಾಕಿ ಮಾತಾಡ್ತಾಳ ಅನ್ನು."

ಆ ಮಾತಿಗಿ ಅಂವ ಫೋನ್ ಕೊಟ್ಟ. ಅವ್ವಗ ಫೋನ್ ಹಿಡಿಯಾಕ ಬರಂಗಿಲ್ಲ, ನಾ ಹಿಡದ್ನಿ. ಅವ್ವ ಪುಡಿ ಸುದ್ದೀನ ತಗೀಲಿಲ್ಲ.

"ತಂಗೀ, ಬಹಿರ್ದೆಸಿ ಕರ್ರಗ ಆಕ್ಕೈತೇನ?"

ಅವ್ವ ದನಿ ಇಳಿಸಿದ್ಲು.

"ಗಂಡನ ಮುಂದ ಹೇಳಬ್ಯಾಡ. ಹೂಂ ಇಲ್ಲಾ ಊಹೂಂ ಅನ್ನು ಸಾಕು. ನಾನೂ ಇಟ್ಟಿದ್ನಿ ನೋಡವಾ, ಹಿಟ್ಟಿನ ಡಬ್ಬ್ಯಾಗ."

ಆ ಕಡೆಯಿಂದ ಸಣ್ಣ ದನಿ ಬಂತು.

"ನಂದು ಅಕ್ಕಿ ಡಬ್ಬ್ಯಾಗ ಐತಿ, ಅಕ್ಕಾ."

ಮುಂದಿನ ಸಲ ಅವ್ವನ ತಪಾಸಣಿಗಿ ಹೋದಾಗ ಆಕಿನೂ ಬಂದಿದ್ಲು, ಗಂಡನ ಬಿಟ್ಟು ತನ್ನ ಅಣ್ಣನ ಕರಕೊಂಡು. ಓ.ಪಿ.ಡಿ. ಬೆಂಚಿನ ಮ್ಯಾಲ ಇಬ್ಬರೂ ಕೈ ಮುಂದ ಚಾಚಿ ಒಬ್ಬರದೊಬ್ಬರು ನೋಡ್ಕೋತ ಕುಂತಿದ್ರು. ಆಕಿ ಬೆರಳ ಇನ್ನೂ ನೆಟ್ಟಗ ಅದಾವ. ಡಾಕ್ಟರ್ ಉಳೀಬಹುದು ಅಂದಾರ.

ಅವ್ವಗ ಮತ್ತ ಮೆಥೋಟ್ರೆಕ್ಸೇಟ್ ಸುರು ಆಗೇತಿ. ಹೊಟ್ಟಿ ತೊಳಸ್ತೈತಿ ಅಂತ ಈ ಸಲ ಬಾಯಿ ಬಿಟ್ಟು ಹೇಳಿದ್ಲು, ಡಾಕ್ಟರ್ ಅದಕ್ಕೊಂದು ದಾರಿ ಮಾಡಿಕೊಟ್ರು. ಇಷ್ಟ ಸರಳ ಇತ್ತು ಅದು. ಮುಂಜಾನೆ ಕೈ ಸ್ವಲ್ಪ ಲಗೂನ ಬಿಡ್ತಾವ. ರೊಟ್ಟಿ ಬಡಿಯಾಕ ಬರಂಗಿಲ್ಲ. ಇಬ್ಬರು ಹೆಣಮಕ್ಕಳು ಬಂದು ಬಡೀತಾರ, ಅವ್ವ ಬಾಜೂಕ ಕುಂತು "ಅಂಚು ದಪ್ಪಾತು, ಯಾರ ಹಲ್ಲ ಮುರೀಬೇಕಂತೀ ಬೇ" ಅಂತ ಬೈತಾಳ. ಸಪ್ಪಳ ಬ್ಯಾರೆ ಐತಿ. ಆದ್ರೂ ಅದಕ್ಕ ಏಳ್ತೀನಿ. ಬೈಯಾಕ ಅವ್ವ ಅದಾಳಲ್ಲ, ಸಾಕು.

ಇದನ್ನ ಬರೀತೀನಿ ಅಂದಾಗ ಅವ್ವ, "ಬರಿ. ತಂಗಿ ಹೆಸರ ಮಾತ್ರ ಹಾಕಬ್ಯಾಡ" ಅಂದ್ಲು. ಹಾಕಿಲ್ಲ.

ನಿಮ್ಮ ಮನ್ಯಾಗೂ ಪುಡೀಲೆ ಆರಾಮ ಆದಾವ್ರು ಇದ್ರ, ಇವತ್ತ ಅವ್ರ ಬಾಜೂಕ ಕುಂತು ಸಾವಕಾಶ ಕೇಳ್ರಿ, ಬೈಯಬ್ಯಾಡ್ರಿ. ಗುಳಗಿ ಎಲ್ಲಿ ಇಟ್ಟಿದ್ರು, ಯಾರ ಮಾರಿ ನೋಡಿ ಮುಚ್ಚಿದ್ರು, ಕೆಳಗ ಬರೀರಿ. ಹೆಸರ ಬ್ಯಾಡ. ಬಿಜ್ಜರಗ್ಯಾಕಿ ನೀವು ಬರದಿದ್ದನ್ನ ಅವ್ವನ ಬಾಯಿಲೆ ಕೇಳ್ತೀನಿ ಅಂದಾಳ, ಅವ್ವಗ ನಾ ಓದಿ ಹೇಳ್ತೀನಿ.